ಬಿಡಾರದ ದನಿಗಳು ಮತ್ತು ಒಂದು ಹಳೇ ಹಾರ್ಡ್ ಡಿಸ್ಕ್

ನಮ್ಮ ಲ್ಯಾಪ್‌ಟಾಪ್ ಆನ್ ಮಾಡಿ, ಕುಕ್ಕರಿನಲ್ಲಿ ಅನ್ನಕ್ಕಿಟ್ಟರೆ ಮೊದಲು ಆಗುತ್ತಿದ್ದದ್ದು ಅನ್ನ. ಮೂರು ಸೀಟಿ ಕೂಗಿ, ಆವಿ ಇಳಿದು, ಅತ್ತೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಅದು ನಿಧಾನವಾಗಿ ಕಣ್ಣು ಬಿಡುತ್ತಿತ್ತು. ಆಮೇಲೆ ಒಂದು ಫೈಲು ತೆರೆಯಲು ಇನ್ನೊಂದು ಐದು ನಿಮಿಷ. ಪುಸ್ತಕಗಳ ಕರಡು ತಿದ್ದಿ ನಾಲ್ಕು ಕಾಸು ನೋಡುವವಳು ನಾನು. ಕೆಲಸವನ್ನು ಅದರ ಲಯಕ್ಕೆ ಹೊಂದಿಸಿಕೊಂಡಿದ್ದೆ. ಬೆಳಗ್ಗೆ ಎದ್ದು ಮೊದಲು ಅದರ ಗುಂಡಿ ಒತ್ತುವುದು, ಆಮೇಲೆ ಮುಖ ತೊಳೆಯುವುದು. ‘ನಿನ್ನ ಗಾಡಿ ಸ್ಟಾರ್ಟಾತಾ?’ ಎಂದು ಅತ್ತೆ ಒಳಗಿಂದ ಕೇಳುವುದು ದಿನದ ಮಾತಾಗಿತ್ತು.

ಕಳೆದ ಜುಲೈನಲ್ಲಿ ಅದು ಸದ್ದು ಮಾಡಲು ಶುರುಮಾಡಿತು. ಕಿವಿಯನ್ನು ಎಡ ಅಂಗೈ ಇಡುವ ಜಾಗಕ್ಕೆ ಹಚ್ಚಿದರೆ ಟಕ್, ಟಕ್, ಸ್ವಲ್ಪ ಮೌನ, ಮತ್ತೆ ಟಕ್. ಮರದೊಳಗೆ ಹುಳು ಕೊರೆದಂತೆ. ಹೊರಗೆ ಮಳೆ ಹುಯ್ಯುತ್ತಿದ್ದಾಗ ಕೇಳುತ್ತಿರಲಿಲ್ಲ, ಮಳೆ ನಿಂತ ಕೂಡಲೇ ಕೇಳುತ್ತಿತ್ತು.

ಶಿವಮೊಗ್ಗದ ಒಂದು ಅಂಗಡಿಗೆ ಒಯ್ದೆ. ಸಕ್ರೆಬೈಲಿನಿಂದ ಹದಿನಾಲ್ಕು ಕಿಲೋಮೀಟರು, ತೀರ್ಥಹಳ್ಳಿ ಕಡೆಯಿಂದ ಬರುವ ಬಸ್ಸು ಹಿಡಿದರೆ ಅರ್ಧ ಗಂಟೆ. ಕೌಂಟರಿನ ಹುಡುಗ ಒಳ್ಳೆಯವನೇ. ಕಿವಿಗೊಟ್ಟು ಕೇಳಿದ, ಮುಖ ಸಣ್ಣದು ಮಾಡಿದ. ‘ಹಾರ್ಡ್ ಡಿಸ್ಕ್ ಹೋಗ್ತಾ ಇದೆ ಮೇಡಂ. ಮೆಷಿನ್ನೂ ಹಳೇದು, ಇದಕ್ಕೆ ಹೊಸ ವಿಂಡೋಸ್ ಬರಲ್ಲ. ನಲವತ್ತೈದು ಸಾವಿರ ಹಾಕಿದ್ರೆ ಹೊಸದೇ ಬರುತ್ತೆ. ಬೇಡ ಅಂದ್ರೆ ಎಸ್‌ಎಸ್‌ಡಿ ಹಾಕಿಕೊಡ್ತೀವಿ. ಮೂರು ದಿನ ಬಿಟ್ಟು ಹೋಗಿ, ಪಾಸ್‌ವರ್ಡ್ ಚೀಟೀಲಿ ಬರೆದಿಡಿ. ಡೇಟಾಗೆ ಮಾತ್ರ ಗ್ಯಾರಂಟಿ ಇಲ್ಲ.’ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಲ್ಯಾಪ್‌ಟಾಪನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು, ಬ್ಯಾಗಿನ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಡುವ ಹಾಗಿರಲಿಲ್ಲ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಲ್ಯಾಪ್‌ಟಾಪು 2017ರದ್ದು. ಅಪ್ಪ ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತಿಯ ದುಡ್ಡಿನಲ್ಲಿ ನನಗೆ ಕೊಡಿಸಿದ್ದು. ಆಗ ನಾನು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಸಕ್ರೆಬೈಲಿನ ಆನೆ ಬಿಡಾರದ ಮಾವುತರು, ಕಾವಾಡಿಗಳ ಮಾತು. ಅವರು ಮನೆಯಲ್ಲಿ ಒಂದು ಭಾಷೆ, ನಮ್ಮ ಜೊತೆ ಕನ್ನಡ, ಆನೆಯ ಜೊತೆ ಇವೆರಡೂ ಅಲ್ಲದ ಮೂರನೆಯದೊಂದನ್ನು ಆಡುತ್ತಾರೆ. ‘ಬೈಠ್’ ಅಂದರೆ ಕೂರುವ ಆನೆ ಕನ್ನಡದ ‘ಕೂತ್ಕೋ’ಗೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. 2018ರ ಬೇಸಿಗೆಯಲ್ಲಿ ಒಂದು ರೆಕಾರ್ಡರ್ ಹಿಡಿದು ತುಂಗೆಯ ದಡದಲ್ಲಿ ಕೂತು, ಆನೆ ಸ್ನಾನ ಮಾಡಿಸುವವರನ್ನು, ಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಕುಸುರೆ ಕಟ್ಟುವವರನ್ನು, ಕ್ರಾಲಿನಲ್ಲಿ ಹೊಸ ಆನೆಯ ಮುಂದೆ ಗಂಟೆಗಟ್ಟಲೆ ಮಾತಾಡುತ್ತ ನಿಲ್ಲುವವರನ್ನು ಕೇಳಿಸಿಕೊಂಡೆ. ಒಟ್ಟು ನಲವತ್ತು ಗಂಟೆ. (ಬಿಸಿಲಲ್ಲಿ ಕೂತವಳಿಗೆ ಪಕ್ಕದ ಮನೆಯಿಂದ ಮಜ್ಜಿಗೆ ತಂದುಕೊಡುತ್ತಿದ್ದ ಹೆಂಗಸೇ ಮುಂದೆ ನನ್ನ ಅತ್ತೆಯಾದರು. ಅದು ಬೇರೆಯೇ ಕತೆ.)

ಅವರಲ್ಲೊಬ್ಬರು ಹಿರಿಯ ಮಾವುತರು. ನಾನು ‘ಅಜ್ಜ’ ಎಂದೇ ಕರೆಯುತ್ತಿದ್ದೆ. ರಾತ್ರಿ ಸರಪಳಿ ಸಮೇತ ಕಾಡಿಗೆ ಮೇಯಲು ಬಿಟ್ಟ ಆನೆಯನ್ನು ಬೆಳಗಿನ ಜಾವ ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹುಡುಕುವುದು ಹೇಗೆಂದು ಎರಡು ದಿನ ಹೇಳಿದ್ದರು. ಮೂರನೆಯ ದಿನ, ನಾನು ಕೇಳದೆಯೇ, ಬೇರೊಂದು ವಿಷಯ ಹೇಳಿದರು. ಅವರ ಕೈಕೆಳಗಿದ್ದ ಒಬ್ಬರ ಬಗ್ಗೆ, ಒಂದು ರಾತ್ರಿಯ ಬಗ್ಗೆ. ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಹೇಳಿ ಮುಗಿಸಿ, ಬೀಡಿ ಹಚ್ಚಿ, ರೆಕಾರ್ಡರಿನ ಕೆಂಪು ದೀಪ ನೋಡಿ, ‘ಇದು ಓಡ್ತಾ ಇತ್ತಾ?’ ಎಂದು ಕೇಳಿದರು. ಅಳಿಸಿಬಿಡಲಾ ಅಂದೆ. ಸ್ವಲ್ಪ ಹೊತ್ತು ನದಿ ನೋಡಿದರು. ‘ಬೇಡಮ್ಮ, ಇರ್ಲಿ. ನಾನಿರೋ ತನಕ ಯಾರಿಗೂ ಕೇಳಿಸಬೇಡ.’

ಕಿರುಪ್ರಬಂಧದಲ್ಲಿ ಅದರ ಒಂದು ಸಾಲೂ ಇಲ್ಲ. ಮಾರ್ಗದರ್ಶಕರಿಗೂ ಹೇಳಲಿಲ್ಲ. 2022ರಲ್ಲಿ ಅಜ್ಜ ತೀರಿಕೊಂಡರು. ಫೈಲು ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು, ತಾರೀಖು ಬಿಟ್ಟರೆ ಬೇರೆ ಹೆಸರಿಲ್ಲದೆ.

ಪ್ರತಿ ತೆಗೆದಿಡಲಿಲ್ಲವೇ ಎಂದು ನೀವು ಕೇಳಬಹುದು. ಆರು ಡಿವಿಡಿಗಳಿಗೆ ಬರೆಸಿ, ಡಬ್ಬಿಗೆ ಹಾಕಿ, ಅಕ್ಕಿಕಾಳಿನ ಗಂಟು ಇಟ್ಟು ಕಪಾಟಿನಲ್ಲಿ ಇಟ್ಟಿದ್ದೆ. ಮಲೆನಾಡಿನ ಬೂಷ್ಟಿಗೆ ಚಪ್ಪಲಿ, ಬೆಲ್ಟು, ದೇವರ ಪಟ ಯಾವುದೂ ಬೇರೆಯಲ್ಲ. ನಾಲ್ಕನೆಯ ಮಳೆಗಾಲದ ಹೊತ್ತಿಗೆ ಡಿವಿಡಿಗಳ ಮೇಲೆ ರಂಗೋಲಿಯಂಥ ಬಿಳಿ ಎಳೆಗಳು ಹರಡಿದ್ದವು, ಒಂದನ್ನೂ ಡ್ರೈವು ಓದಲಿಲ್ಲ. ಇನ್ನು ಇಂಟರ್ನೆಟ್ಟಿಗೆ ಏರಿಸೋಣವೆಂದರೆ ನಲವತ್ತು ಗಂಟೆಯ ದನಿ 25 ಜಿಬಿ. ನಮ್ಮ ಮನೆಯಲ್ಲಿ ನೆಟ್‌ವರ್ಕು ಸಿಗುವುದು ಜಗಲಿಯ ಬಡಗಣ ಮೂಲೆಯಲ್ಲಿ, ಅದೂ ಮೊಬೈಲನ್ನು ಅಡಿಕೆ ಗೊನೆ ನೇತು ಹಾಕುವ ಕೊಕ್ಕೆಯ ಎತ್ತರಕ್ಕೆ ಹಿಡಿದರೆ.

ಬೆಂಗಳೂರಿನಲ್ಲಿರುವ ಮೈದುನನಿಗೆ ಆ ಮೂಲೆಯಿಂದಲೇ ಫೋನು ಮಾಡಿದೆ. ಅವನು ಕಂಪ್ಯೂಟರ್ ಕೆಲಸದವನು. ‘ಅತ್ತಿಗೆ, ಮೊದಲು ಅದನ್ನ ಆಫ್ ಮಾಡಿ’ ಎಂದ. ‘ಆನ್ ಮಾಡಿದಷ್ಟೂ ಅದರ ಆಯಸ್ಸು ಕಮ್ಮಿ ಆಗುತ್ತೆ. ಇನ್ನು ನೀವು ಅದನ್ನ ಆನ್ ಮಾಡೋದು ಕಾಪಿ ಮಾಡೋಕೆ ಮಾತ್ರ.’

ಅವನು ಹೇಳಿದ್ದು ಅರ್ಥವಾಗಬೇಕಾದರೆ ಹಾರ್ಡ್ ಡಿಸ್ಕೆಂದರೆ ಏನು ಎಂದು ತಿಳಿಯಬೇಕು. ಅದು ನಿಜಕ್ಕೂ ತಿರುಗುವ ತಟ್ಟೆ, ಹಳೇ ಗ್ರಾಮಾಫೋನಿನ ಹಾಗೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್, ಅಂದರೆ ನಮ್ಮ ಬಿಡಾರದ ಒಂದು ಮರಿಯಾನೆಯಷ್ಟು. ಅಷ್ಟು ತೂಕಕ್ಕೆ ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ನನ್ನ ಲ್ಯಾಪ್‌ಟಾಪಿನದ್ದು ಅಂಗೈಯಗಲ, 500 ಜಿಬಿ. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು ಹಾಕುತ್ತದೆ. ಲೆಕ್ಕ ಹಾಕಿ ನೋಡಿದೆ, ಅಂಚಿನಲ್ಲಿ ಅದರ ವೇಗ ಗಂಟೆಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ತೀರ್ಥಹಳ್ಳಿ ಬಸ್ಸು ನಮ್ಮೂರ ತಿರುವಿನಲ್ಲಿ ಅಷ್ಟು ವೇಗವಾಗಿ ಬರುವುದಿಲ್ಲ. ಆ ತಟ್ಟೆಯ ಮೇಲೆ ಓದುವ ಮುಳ್ಳು ತಾಗದೆ ತೇಲುತ್ತಿರುತ್ತದೆ, ಎರಡರ ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಓದಬೇಕಾದ ಜಾಗ ಸಿಗದಿದ್ದಾಗ ಮುಳ್ಳು ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ. ಟಕ್ ಎಂದು ಕೇಳುತ್ತಿದ್ದದ್ದು ಅದೇ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಪೆನ್‌ಡ್ರೈವಿನಲ್ಲಿ, ಮೊಬೈಲಿನಲ್ಲಿ ಇರುವಂಥದೇ ಫ್ಲ್ಯಾಶ್ ಮೆಮೊರಿ, 1980ರ ದಶಕದಲ್ಲಿ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ ಎಂಬ ಜಪಾನಿ ಎಂಜಿನಿಯರ್ ಕಂಡುಹಿಡಿದದ್ದು. ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕಿಲ್ಲದ್ದರಿಂದ ಹುಡುಕುವ ಹೊತ್ತು ಉಳಿಯುತ್ತದೆ. ಅಂದರೆ ನಮ್ಮ ಲ್ಯಾಪ್‌ಟಾಪು ಮುದಿಯಾಗಿರಲಿಲ್ಲ. ಅದರ ಮೆದುಳು ಸರಿಯಾಗಿತ್ತು, ಒಂದು ತಟ್ಟೆಗಾಗಿ ಕಾಯುತ್ತ ಕೂತಿತ್ತು ಅಷ್ಟೆ. ಇಡೀ ಯಂತ್ರಕ್ಕೆ ‘ಹಳೇದಾಯ್ತು’ ಎಂದು ಹಣೆಪಟ್ಟಿ ಹಚ್ಚಿ ಮೂಲೆಗೆ ಹಾಕಿಸುವ ಮಾತು ಈಗ ಎಲ್ಲ ಸಾಮಾನಿಗೂ ಬಂದಿದೆ. ರಿಪೇರಿ ಮಾಡಿಕೊಳ್ಳುವುದು ಗ್ರಾಹಕರ ಹಕ್ಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆಯಿತು. ಭದ್ರಾವತಿಯ ಕಾರ್ಖಾನೆಯ ಮನೆಗಳಲ್ಲಿ ಬೆಳೆದವರಿಗೆ ಇದೊಂದು ಹಕ್ಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ಮಿಕ್ಸಿ ಕೆಟ್ಟರೆ ಮೊದಲು ಹುಡುಕುತ್ತಿದ್ದದ್ದು ಸ್ಕ್ರೂಡ್ರೈವರು.

ಮೈದುನ ಹೇಳಿದ ಪಟ್ಟಿ ಚಿಕ್ಕದು. ಎರಡೂವರೆ ಇಂಚಿನ ಎಸ್‌ಎಸ್‌ಡಿ ಒಂದು, ಅದನ್ನು ಯುಎಸ್‌ಬಿಗೆ ಜೋಡಿಸುವ ಡಬ್ಬಿ ಒಂದು, ಪೆನ್‌ಡ್ರೈವ್ ಎರಡು. ಮತ್ತೆ ಶಿವಮೊಗ್ಗಕ್ಕೆ ಹೋದೆ. ಅಂಗಡಿಯಲ್ಲಿ 480 ಜಿಬಿಯದ್ದು ಕೊಟ್ಟರು, ಇನ್ನೂರು ರೂಪಾಯಿ ಕಮ್ಮಿ. ‘500 ಆದ್ರೇನು 480 ಆದ್ರೇನು ಮೇಡಂ, ನಿಮ್ದು ಅರ್ಧಾನೂ ತುಂಬಿಲ್ಲ’ ಎಂದರು. ಒಂದೊಂದೇ ಫೈಲು ಆರಿಸಿ ಕಾಪಿ ಮಾಡುವವರಿಗೆ ಆ ಮಾತು ಸರಿ. ನಾವು ಮಾಡಹೊರಟಿದ್ದು ತಟ್ಟೆಯ ಮೊದಲ ಚುಕ್ಕೆಯಿಂದ ಕೊನೆಯ ಚುಕ್ಕೆಯವರೆಗೆ, ಖಾಲಿ ಜಾಗವೂ ಸೇರಿ, ಇದ್ದ ಹಾಗೇ ಇಳಿಸುವುದು. ಐದು ಸೇರಿನ ಪಾತ್ರೆಯ ಹಾಲು ನಾಲ್ಕು ಮುಕ್ಕಾಲು ಸೇರಿನದಕ್ಕೆ ಹಿಡಿಸುವುದಿಲ್ಲ. 500ರದ್ದೇ ಬೇಕೆಂದು ಕೂತೆ, ತರಿಸಿಕೊಟ್ಟರು. ಮೂರು ಸಾವಿರದ ಚಿಲ್ಲರೆ. ಡಬ್ಬಿಗೆ ನಾನೂರು.

ಅಪ್ಪ ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದರು. ಕೈಯಲ್ಲಿ ಕೊಡೆ, ಹೆಗಲಿಗೆ ರೆಕ್ಸಿನ್ ಚೀಲ, ಚೀಲದಲ್ಲಿ ಗಡಿಯಾರದ ರಿಪೇರಿಯವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರುಗಳು. ‘ಎಲ್ಲಿ ಪುಟ್ಟಿ ಪೇಷಂಟು?’ ಅಂದರು. ಬಿಚ್ಚುವುದು ಕೊನೆಗೆ, ಈಗ ಕಾಪಿ ಮಾತ್ರ ಎಂದಾಗ ಅವರಿಗೆ ನಿರಾಸೆಯಾಯಿತು.

ಗಾಜನೂರಿನ ಅಣೆಕಟ್ಟು ಸಣ್ಣದು, 3.24 ಟಿಎಂಸಿ. ಮುಂಗಾರು ನಾಲ್ಕು ದಿನ ಜೋರಾಗಿ ಹಿಡಿದರೆ ತುಂಬಿ, ನಮ್ಮ ಮನೆಯ ಕೆಳಗಿನ ಹಿನ್ನೀರು ಕೆಂಪಾಗಿ ಮೇಲೇರುತ್ತದೆ. ಆ ವಾರ ಹಾಗೇ ಇತ್ತು. ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲದು. ಅಂಥದರಲ್ಲಿ ರಾತ್ರಿಯಿಡೀ ನಡೆಯಬೇಕಾದ ಕೆಲಸಕ್ಕೆ ಕೈ ಹಾಕುವುದು ಹೇಗೆ? ಮೈದುನ ಆರಿಸಿದ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಡಿಡಿರೆಸ್ಕ್ಯೂ ಎಂಬುದೊಂದು ಉಚಿತ ತಂತ್ರಾಂಶವಿದೆ. ವಿಂಡೋಸನ್ನು ಮುಟ್ಟದೆ, ಪೆನ್‌ಡ್ರೈವಿನಲ್ಲಿರುವ ಲಿನಕ್ಸಿನಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ ಅದನ್ನು ಓಡಿಸಬೇಕು. ಅದು ಮೊದಲ ಸುತ್ತಿನಲ್ಲಿ ತಟ್ಟೆಯ ಗಟ್ಟಿ ಜಾಗಗಳನ್ನೆಲ್ಲ ಬೇಗಬೇಗ ಬಾಚಿಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ಹಟ ಹಿಡಿಯದೆ ಮುಂದಕ್ಕೆ ಹಾರುತ್ತದೆ. ಎಲ್ಲ ಮುಗಿದ ಮೇಲೆ ಬಿಟ್ಟುಬಂದ ಜಾಗಗಳಿಗೆ ಹಿಂದಿರುಗಿ ಸ್ವಲ್ಪಸ್ವಲ್ಪವೇ ಕೆರೆದು ತೆಗೆಯುತ್ತದೆ. ಎಲ್ಲೆಲ್ಲಿ ಆಯಿತು, ಎಲ್ಲೆಲ್ಲಿ ಬಾಕಿ ಎಂಬುದನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ನಕ್ಷೆಯಾಗಿ ಬರೆದಿಡುತ್ತದೆ. ಕರೆಂಟು ಹೋದರೆ ಹೋಗಲಿ, ಮತ್ತೆ ಶುರುಮಾಡಿದಾಗ ನಕ್ಷೆ ನೋಡಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕೆಟ್ಟುಹೋಗುತ್ತಿರುವ ಡಿಸ್ಕಿಗೆ ಮಾಮೂಲಿ ಕಾಪಿ ಮಾಡಬಾರದು ಎನ್ನುವುದು ಇದಕ್ಕೇ. ಮಾಮೂಲಿ ಕಾಪಿ ಒಂದು ಕೆಟ್ಟ ಜಾಗದಲ್ಲಿ ನಿಂತು ಬಡಿದಾಡುತ್ತದೆ, ಅಷ್ಟರಲ್ಲಿ ಒಳ್ಳೆಯ ಜಾಗವೂ ಕೈತಪ್ಪುತ್ತದೆ.

ಭಯವಿದ್ದದ್ದು ಒಂದೇ ಕಡೆ. ಯಾವುದರಿಂದ ಯಾವುದಕ್ಕೆ ಎಂದು ಅದಕ್ಕೆ ನಾವೇ ಬರೆದು ಹೇಳಬೇಕು, ಮೊದಲು ಹಳೆಯದರ ಹೆಸರು, ಆಮೇಲೆ ಹೊಸದರದ್ದು. ಅದಲುಬದಲಾದರೆ ಹೊಸ ಡಿಸ್ಕಿನ ಖಾಲಿತನ ಹಳೆಯದರ ಮೇಲೆ ಬಂದು ಕೂರುತ್ತದೆ. ನಲವತ್ತು ಗಂಟೆಯೂ ಹೋದ ಹಾಗೆಯೇ. ಎರಡೂ 500 ಜಿಬಿ, ಅಳತೆಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ, ಕಪ್ಪು ಪರದೆಯ ಮೇಲೆ ಎರಡರ ಹೆಸರಿನಲ್ಲಿ ಕೊನೆಯ ಒಂದಕ್ಷರ ಮಾತ್ರ ಬೇರೆ. ತಯಾರಕರ ಹೆಸರು, ನಂಬರು ತೋರಿಸುವ ಆಜ್ಞೆ ಕೊಟ್ಟು, ಹೊಸದರ ರಟ್ಟಿನ ಡಬ್ಬಿಯ ಮೇಲಿದ್ದ ನಂಬರಿನ ಜೊತೆ ಹೋಲಿಸಿದೆ. ಅಪ್ಪ ಕನ್ನಡಕ ಏರಿಸಿ ಮತ್ತೊಮ್ಮೆ ಹೋಲಿಸಿದರು. ಆಮೇಲೆ ಜಗಲಿಯ ಮೂಲೆಗೆ ಹೋಗಿ ಇಡೀ ಸಾಲನ್ನು ಅಕ್ಷರ ಅಕ್ಷರ ಬಿಡಿಸಿ ಮೈದುನನಿಗೆ ಓದಿ ಹೇಳಿದೆ. ಮಳೆಯ ಸದ್ದಿನಲ್ಲಿ ಅವನಿಗೆ ‘ಎ’ಯೂ ‘ಬಿ’ಯೂ ಸರಿಯಾಗಿ ಕೇಳುತ್ತಿರಲಿಲ್ಲ. ‘ಎ, ಅಮ್ಮನ ಎ! ಬಿ, ಬಾಳೆಯ ಬಿ!’ ಎಂದು ಕೂಗಿದೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ, ‘ಬಾಳೆ ಎಂತಕ್ಕೆ ಮಾರಾಯ್ತಿ ಈ ಹೊತ್ತಲ್ಲಿ?’ ಎಂದು ಕೇಳಿದರು.

ಎಂಟರ್ ಒತ್ತಿದೆ. ಎರಡು ರಾತ್ರಿ, ಒಂದು ಹಗಲು ಓಡಿತು. ಮೂರು ಸಲ ಕರೆಂಟು ಹೋಗಿ ನಿಂತಿತು, ಮೂರು ಸಲವೂ ನಕ್ಷೆ ಹಿಡಿದು ಮುಂದುವರಿಯಿತು. ಸಿಕ್ಕಿದ್ದರ ಶೇಕಡಾವಾರು 99ಕ್ಕೆ ಬೇಗನೇ ಬಂದುಬಿಟ್ಟಿತ್ತು, ಎಲ್ಲ ಹೊತ್ತೂ ಹಿಡಿದದ್ದು ಆ ಕೊನೆಯ ಒಂದಕ್ಕೆ. ಅಪ್ಪ ಅದರ ಮುಂದೆ ಕುರ್ಚಿ ಹಾಕಿಕೊಂಡು, ಡಿಸ್ಕು ಬಿಸಿಯಾಗದಿರಲೆಂದು ಲ್ಯಾಪ್‌ಟಾಪಿನಡಿಗೆ ಎರಡು ಹೆಂಚಿನ ಚೂರು ಕೊಟ್ಟು, ಟೇಬಲ್ ಫ್ಯಾನು ತಿರುಗಿಸಿ ಕೂತರು. ರಾತ್ರಿ ಪಾಳಿ ಮಾಡಿದ ಶರೀರ, ನಿದ್ದೆಗೆಡುವುದು ಅವರಿಗೆ ಹೊಸದಲ್ಲ. ನಾನೆದ್ದು ಬಂದಾಗಲೆಲ್ಲ ಒಂದು ಚೀಟಿಯಲ್ಲಿ ಗಂಟೆ, ಪಕ್ಕದಲ್ಲಿ ಬಾಕಿಯ ಅಂಕಿ ಬರೆದಿರುತ್ತಿದ್ದರು. ಎರಡನೆಯ ಬೆಳಗ್ಗೆ ಅಂಕಿ ಕದಲುವುದು ನಿಂತಿತು. 500 ಜಿಬಿಯಲ್ಲಿ ಸಿಗದೇ ಉಳಿದದ್ದು ಒಂದು ಎಂಬಿಗಿಂತ ಕಡಿಮೆ.

ಆಮೇಲೆ ಅಪ್ಪನ ಸರದಿ. ಮನೆಯಲ್ಲಿ ಇದನ್ನು ಮಾಡಹೊರಡುವವರಿಗೆ ಅವರ ಕ್ರಮವನ್ನು ಹೇಳಲೇಬೇಕು. ಮೊದಲು ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಅಡಿಭಾಗದ ಚಿತ್ರ ಬರೆದರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಚಿತ್ರದಲ್ಲಿ ಅದರದೇ ಜಾಗಕ್ಕೆ ಚುಚ್ಚಿ ನಿಲ್ಲಿಸಿದರು. ನೋಡಲು ಒಂದೇ ಥರ ಕಂಡರೂ ಅವುಗಳಲ್ಲಿ ಉದ್ದ, ಗಿಡ್ಡ ಎಂದಿರುತ್ತದೆ. ಉದ್ದದ್ದನ್ನು ಗಿಡ್ಡದ ತೂತಿಗೆ ತಿರುಗಿಸಿದರೆ ಮೇಲುಗಡೆ ಪ್ಲಾಸ್ಟಿಕ್ ಸೀಳಿಕೊಂಡು ಬರುತ್ತದೆ. ಹನ್ನೊಂದು ಸ್ಕ್ರೂ ತೆಗೆದರೂ ಮುಚ್ಚಳ ಅಲುಗಲಿಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ, ಅಡಿಯಲ್ಲೆಲ್ಲ ಬೆರಳಾಡಿಸಿ ರಬ್ಬರ್ ಕಾಲುಗಳ ಕೆಳಗೆ ಅಡಗಿದ್ದ ಇನ್ನೆರಡನ್ನು ಹುಡುಕಿದರು. ‘ಬರ್ಲಿಲ್ಲ ಅಂದ್ರೆ ಎಲ್ಲೋ ಒಂದು ಉಳಿದಿದೆ ಅಂತ ಅರ್ಥ, ಪುಟ್ಟಿ. ಶಕ್ತಿ ಬೇಕು ಅಂತ ಅಲ್ಲ.’ ಅಂಚು ಬಿಡಿಸಲು ಉಕ್ಕಿನ ಸಾಮಾನು ಹಾಕಲಿಲ್ಲ. ಹಿತ್ತಲಿನ ಬಿದಿರಿನ ಒಂದು ಚಕ್ಕೆ ಹೆರೆದು ತೆಳುವಾಗಿಸಿ ಸುತ್ತಲೂ ಎಳೆದರು. ಟಪಟಪನೆ ಕೊಂಡಿಗಳು ಬಿಟ್ಟವು.

ಒಳಗೆ ಎಂಟು ವರ್ಷದ ಧೂಳು, ಫ್ಯಾನಿನ ಬಾಯಲ್ಲಿ ಹತ್ತಿಯಂಥ ಗಂಟು, ಮೂಲೆಯಲ್ಲಿ ಇರುವೆಗಳು ಬಿಟ್ಟುಹೋದ ಸಂಸಾರ. ಅತ್ತೆ ಬಗ್ಗಿ ನೋಡಿ, ‘ಇಷ್ಟು ದಿನ ಇದನ್ನ ತೊಡೆ ಮೇಲೆ ಇಟ್ಕಂಡಿದ್ಯಾ!’ ಎಂದು ಹಿಂದೆ ಸರಿದರು. ಮೊದಲು ಬ್ಯಾಟರಿಯ ತಂತಿ ಕಳಚಿದೆ. ಹಾರ್ಡ್ ಡಿಸ್ಕು ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿತ್ತು, ಪಕ್ಕಕ್ಕೆ ಸರಿಸಿದರೆ ಬಂದುಬಿಟ್ಟಿತು. ಅದೇ ಚೌಕಟ್ಟಿಗೆ ಎಸ್‌ಎಸ್‌ಡಿಯನ್ನು ಕೂರಿಸಿ, ಅದೇ ಜಾಗಕ್ಕೆ ತಳ್ಳಿದೆ. ನಿಜ ಹೇಳಬೇಕೆಂದರೆ ಬದಲಾಯಿಸುವ ಕೆಲಸ ಅಷ್ಟೇ, ಎರಡು ನಿಮಿಷದ್ದು. ಎಲ್ಲರೂ ಹೆದರುವುದು ಇದಕ್ಕೆ. ಹೆದರಬೇಕಾದದ್ದು ಅದಕ್ಕಿಂತ ಮುಂಚಿನ ಎರಡು ರಾತ್ರಿಗೆ.

ಮುಚ್ಚಿ, ಗುಂಡಿ ಒತ್ತಿದೆ. ಅಪ್ಪ ಗಡಿಯಾರ ನೋಡುತ್ತಿದ್ದರು. ಹತ್ತೊಂಬತ್ತು ಸೆಕೆಂಡು. ಅತ್ತೆ ಇನ್ನೂ ಅಕ್ಕಿ ತೊಳೆಯುತ್ತಿದ್ದರು.

ಎಲ್ಲ ಸರಿಯಾಗಿದೆಯೇ ಎಂದು ನೋಡುವುದು ಬೇರೆಯೇ ಕೆಲಸ. ಸಿಗದೇ ಹೋದ ಆ ಚೂರು ಎಲ್ಲಿಯದು? ಖಾಲಿ ಜಾಗದ್ದಾದರೆ ಚಿಂತೆಯಿಲ್ಲ. ಕಡತಗಳನ್ನು ಒಂದೊಂದಾಗಿ ತೆರೆದೆ. ನನ್ನ ಕಿರುಪ್ರಬಂಧ ತೆರೆಯಲಿಲ್ಲ. ವರ್ಡ್ ಫೈಲೆಂದರೆ ಒಳಗೆ ಗಟ್ಟಿಯಾಗಿ ಹಿಂಡಿ ಕಟ್ಟಿದ ಮೂಟೆ. ಕಟ್ಟಿನ ಜಾಗದಲ್ಲೇ ನಾಲ್ಕು ಎಳೆ ಕಿತ್ತರೆ ಇಡೀ ಮೂಟೆ ಬಿಚ್ಚಲು ಬರುವುದಿಲ್ಲ. ನನ್ನ ಮುನ್ನೂರು ಟಿಪ್ಪಣಿ, ನುಡಿ ಅಕ್ಷರದಲ್ಲಿ ಕೂತು ಬಡಿದ ನೂರಿಪ್ಪತ್ತು ಪುಟ, ಎಲ್ಲ ಅದರಲ್ಲೇ. ಕಪಾಟಿನಲ್ಲಿ ಅದರ ಬೈಂಡು ಮಾಡಿದ ಪ್ರತಿ ಇದೆ, ಬೇಕಾದರೆ ಮತ್ತೆ ಬೆರಳಚ್ಚು ಮಾಡಬಹುದು. ಬೇಕಾಗಿಲ್ಲ ಎಂದು ಅದನ್ನು ಓದಿದ ಮೇಲೆ ಅನ್ನಿಸಿತು. ಇಪ್ಪತ್ತಮೂರರ ವಯಸ್ಸಿಗೆ ಎಲ್ಲದಕ್ಕೂ ಒಂದು ಸಿದ್ಧಾಂತ ಇರುತ್ತದೆ.

ದನಿಯ ಫೈಲುಗಳು ಹಾಗಲ್ಲ. ಹಿಂಡದೆ, ಬಂದದ್ದನ್ನು ಬಂದ ಹಾಗೇ ಸಾಲಾಗಿ ಇಟ್ಟಿರುವಂಥವು. ನಡುವೆ ಒಂದು ಚೂರು ಹೋದರೆ ಆ ಚೂರಷ್ಟೇ ಹೋಗುತ್ತದೆ. ತಟ್ಟೆಯ ಒಂದು ಕೆಟ್ಟ ಚೌಕ ಎಂದರೆ 4,096 ಬೈಟು, ನನ್ನ ರೆಕಾರ್ಡಿಂಗಿನ ಲೆಕ್ಕದಲ್ಲಿ ಅದು ಒಂದು ಸೆಕೆಂಡಿನ ನಲವತ್ತರಲ್ಲೊಂದು ಭಾಗ. ಆದರೆ ಎಲ್ಲಿ, ಎಷ್ಟು ಕಡೆ ಎಂದು ಗೊತ್ತಾಗಬೇಕಾದರೆ ಕೇಳಲೇಬೇಕು. ಕೇಳಿದೆ. ಆಗಸ್ಟಿನಿಂದ ಸೆಪ್ಟೆಂಬರು ಅರ್ಧದವರೆಗೆ, ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು.

ಏಳು ವರ್ಷದ ಹಿಂದೆ ನಾನು ಕೇಳಿಸಿಕೊಂಡಿದ್ದು ಪದಗಳನ್ನು ಮಾತ್ರ. ಈ ಸಲ ಕೇಳಿದ್ದು ಉಳಿದೆಲ್ಲವನ್ನು. ಆನೆಯ ಬೆನ್ನಿಗೆ ಕಲ್ಲು ತಿಕ್ಕುವ ಸದ್ದು. ಸರಪಳಿ. ಸೊಂಡಿಲಿನಿಂದ ನೀರು ಎರಚಿದಾಗ ಮಕ್ಕಳು ಕಿರುಚುವುದು. ಮಾತಿನ ನಡುವೆ ‘ಮಜ್ಜಿಗೆ ತಗಳಿ’ ಎನ್ನುವ ಅತ್ತೆಯ ದನಿ, ಆಗಿನ್ನೂ ಬಹುವಚನದಲ್ಲಿ. ಒಂದು ಕಡೆ ಮಾವುತರೊಬ್ಬರು ಆನೆಯ ಕಾಲಿನ ಗಾಯ ತೊಳೆಯುತ್ತ ಅರ್ಧ ಗಂಟೆ ಅದಕ್ಕೆ ಬೈಯುತ್ತಾರೆ. ಬೈಗುಳಗಳ ಪಟ್ಟಿ ಮಾಡಿ ಅನುಬಂಧದಲ್ಲಿ ಹಾಕಿದ್ದೆ. ಬೈಯುವಾಗ ಅವರ ದನಿ ಎಷ್ಟು ಮೆತ್ತಗಿತ್ತು ಎಂದು ಪಟ್ಟಿಯಲ್ಲಿ ಬರೆಯಲು ಅಂಕಣವೇ ಇರಲಿಲ್ಲ.

ಗಾಯಗಳು ಮೂರು ಕಡೆ ಸಿಕ್ಕವು. ಹುಲ್ಲಿನ ಹೆಸರು ಹೇಳುವಾಗ ಒಂದು ಟಿಕ್. ಮಧ್ಯಾಹ್ನದ ಒಂದು ಖಾಲಿ ಹೊತ್ತಿನಲ್ಲಿ, ಯಾರೂ ಮಾತಾಡದಿದ್ದಾಗ, ಎರಡು ಟಿಕ್. ಒಂದು ಪದವೂ ಹೋಗಿರಲಿಲ್ಲ. ಅಜ್ಜನ ಮೂರನೆಯ ದಿನದ ಫೈಲನ್ನು ಕೊನೆಗೆ ಉಳಿಸಿಕೊಂಡಿದ್ದೆ. ಎಲ್ಲರೂ ಮಲಗಿದ ಮೇಲೆ ಕೇಳಿದೆ. ಅದು ಪೂರ್ತಿ ಇತ್ತು. ಬೀಡಿ ಹಚ್ಚುವ ಕಡ್ಡಿಯ ಸದ್ದೂ ಇತ್ತು.

ಅದಾದ ಮೇಲೆ ಅಪ್ಪನಿಗೆ ಫೋನು ಮಾಡಿ, ಹಳೇ ಡಿಸ್ಕನ್ನು ಇನ್ನು ಬಿಚ್ಚಬಹುದು ಎಂದೆ. ಎರಡು ತಿಂಗಳಿಂದ ಅದಕ್ಕೇ ಕಾಯುತ್ತಿದ್ದರು, ಅದರ ಸ್ಕ್ರೂಗೆ ಸರಿಹೊಂದುವ ಆರು ಮೂಲೆಯ ನಕ್ಷತ್ರದ ಬಿಟ್ಟನ್ನೂ ತಂದಿಟ್ಟುಕೊಂಡಿದ್ದರು. ಬಿಚ್ಚುವುದಕ್ಕೆ ಕುತೂಹಲವಷ್ಟೇ ಕಾರಣವಲ್ಲ. ಡಿಸ್ಕು ಕೆಟ್ಟಿದೆ ಎಂದರೆ ಅದರಲ್ಲಿರುವುದು ಅಳಿಸಿದೆ ಎಂದಲ್ಲ. ಗುಜರಿಗೆ ಹಾಕಿದರೆ ಯಾರ ಕೈಗೆ ಹೋಗುತ್ತದೋ, ನಮ್ಮ ಹಾಗೆಯೇ ಎರಡು ರಾತ್ರಿ ಕೂರುವ ವ್ಯವಧಾನ ಯಾರಿಗಿರುತ್ತದೋ. ಮುಚ್ಚಳ ತೆಗೆದಾಗ ಒಳಗೆ ಎರಡು ತಟ್ಟೆ, ಕನ್ನಡಿಗಿಂತ ಹೊಳಪು. ಅಪ್ಪ ಮಾತಾಡದೆ ಬಹಳ ಹೊತ್ತು ನೋಡಿದರು. ಉಕ್ಕನ್ನು ನೂರರಲ್ಲೊಂದು ಮಿಲಿಮೀಟರಿಗೆ ಅಳೆದು ತೀಡುತ್ತಿದ್ದವರು. ‘ಈ ಫಿನಿಶು ನಮ್ ಜನ್ಮದಲ್ಲಿ ಬರ್ತಿರ್ಲಿಲ್ಲ’ ಎಂದು, ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದರು. ‘ಇದು ಲೋಹ ಅಲ್ಲ ಕಣಮ್ಮ. ಗಾಜು.’ ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಗಾಜಿನ ತಟ್ಟೆಯೇ ಇರುತ್ತದೆ, ಅದರ ಮೇಲೆ ಅಯಸ್ಕಾಂತದ ತೆಳು ಲೇಪ. ಹಳೇ ಟವೆಲಿನಲ್ಲಿ ನಾಲ್ಕು ಸುತ್ತು ಸುತ್ತಿ, ಒರಳುಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಬಿಚ್ಚಿದಾಗ ಬೆಳ್ಳಿಯ ಪುಡಿಯ ಹಾಗೆ ಇತ್ತು. ಒಳಗಿನ ಎರಡು ಅಯಸ್ಕಾಂತಗಳನ್ನು ಅತ್ತೆ ಕೇಳಿ ತೆಗೆದುಕೊಂಡರು. ಒಂದು ಈಗ ಈಳಿಗೆ ಮಣೆಯ ಪಕ್ಕದ ಗೋಡೆಯಲ್ಲಿ ಚಾಕು ಹಿಡಿದುಕೊಂಡಿದೆ.

ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗಿಯಿತು. ಮೈದುನ ದೀಪಾವಳಿಗೆ ಬಂದವನು ಲಿನಕ್ಸ್ ಹಾಕಿಕೊಟ್ಟ. ನುಡಿಯ ಫಾಂಟುಗಳನ್ನು ಮೊದಲೇ ಎತ್ತಿಟ್ಟಿದ್ದರಿಂದ ಹಳೆಯ ಕರಡುಗಳೆಲ್ಲ ಓದಲು ಬರುತ್ತಿವೆ. ಇಲ್ಲದಿದ್ದರೆ ‘PÀ£ÀßqÀ’ದಂಥ ಗೀಚುಗಳನ್ನು ನೋಡುತ್ತ ಕೂರಬೇಕಿತ್ತು. ಲ್ಯಾಪ್‌ಟಾಪು ಇನ್ನೊಂದು ನಾಲ್ಕು ವರ್ಷ ನಡೆದೀತು ಎಂದ.

ಅಜ್ಜನ ಮಗ ಈಗ ಬಿಡಾರದಲ್ಲೇ ಇದ್ದಾರೆ, ಅಪ್ಪನ ಕೆಲಸದಲ್ಲೇ. ನಾನು ಕೇಳಿಸಿಕೊಳ್ಳುತ್ತಿರುವ ಸುದ್ದಿ ಅತ್ತೆಯ ಬಾಯಿಂದ ಊರೆಲ್ಲ ಹರಡಿತ್ತು. ಒಂದು ಬೆಳಗ್ಗೆ ಪ್ರವಾಸಿಗರು ಬರುವ ಮುಂಚೆ ಗೇಟಿನ ಹತ್ತಿರ ಸಿಕ್ಕರು. ‘ಅಕ್ಕಾ, ನಿಮ್ಮತ್ರ ಅಬ್ಬಾದು ವಾಯ್ಸ್ ಇದೆಯಂತಲ್ಲ?’

ಇದೆ ಎಂದೆ. ಮೊದಲೆರಡು ದಿನದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಮರುದಿನ ಒಯ್ದುಕೊಟ್ಟೆ. ನನ್ನ ಮೊಬೈಲಿನಲ್ಲೂ ಒಂದಿತ್ತು, ಕೇಳಿಸಲೇ ಎಂದು ತೆಗೆದೆ. ಅಜ್ಜ ಕಾಡಿನಲ್ಲಿ ಆನೆಯನ್ನು ಕೂಗುವ ಬಗೆ ತೋರಿಸುವುದು ಅದರ ಶುರುವಿನಲ್ಲೇ ಬರುತ್ತದೆ. ಅವರು ಗಾಬರಿಯಿಂದ ನನ್ನ ಕೈ ಮೇಲೆ ಕೈಯಿಟ್ಟರು. ಹಿಂದೆ ಹತ್ತು ಮಾರು ದೂರದಲ್ಲಿ ಅಜ್ಜನ ಆನೆ ನಿಂತು ಹುಲ್ಲು ಕೊಡವಿಕೊಳ್ಳುತ್ತಿತ್ತು.

‘ಇಲ್ಲಿ ಬೇಡ ಅಕ್ಕಾ. ಅದು ಕೇಳಿಸ್ಕೊಂಡ್ರೆ ಹುಡುಕುತ್ತೆ.’

ಮೊಬೈಲು ಒಳಗಿಟ್ಟೆ. ಇನ್ನೊಂದು ಫೈಲಿದೆ, ಅದನ್ನು ಇದರಲ್ಲಿ ಹಾಕಿಲ್ಲ, ನಾನಿರೋ ತನಕ ಯಾರಿಗೂ ಬೇಡ ಅಂದಿದ್ದರು ಎಂದು ಹೇಳಿದೆ. ನಾನಿರೋ ತನಕ ಎಂದರೆ ಆಮೇಲೆ ಕೇಳಿಸಬಹುದು ಎಂದೋ, ಆಮೇಲೆ ಏನೆಂದು ಅವರೂ ಯೋಚಿಸಿರಲಿಲ್ಲವೋ, ನನಗೆ ಗೊತ್ತಾಗುತ್ತಿಲ್ಲ, ನೀವೇ ಹೇಳಿ ಎಂದೆ. ಅವರು ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ಮುಟ್ಟಿ ನೋಡಿಕೊಂಡರು.

‘ಅಮ್ಮೀನ ಕೇಳ್ತೀನಿ’ ಎಂದರು. ‘ಅವ್ರಿಗೆ ಗೊತ್ತಿರುತ್ತೆ ಅದು ಏನು ಅಂತ.’ ಅಷ್ಟರಲ್ಲಿ ಶಿವಮೊಗ್ಗದ ಕಡೆಯಿಂದ ಮೊದಲ ಬಸ್ಸು ಬಂದು ನಿಂತಿತು, ಅವರು ಆನೆಯನ್ನು ನೀರಿಗೆ ಇಳಿಸಲು ಹೋದರು.